ಡಬ್ಬಿ ಮೊದಲು ತೆರೆಯಿರಿ: ಕಂಡೆನ್ಸ್ಡ್ ಮಿಲ್ಕ್‌ನಿಂದ ಕ್ಯಾರಮೆಲ್ ಸಾಸ್

(ಕಾರವಾರದಲ್ಲಿ ಮನೆ ಅಡುಗೆಯ ಆಸಕ್ತರ ಮುಂದೆ ಕೊಟ್ಟ ಪ್ರಾತ್ಯಕ್ಷಿಕೆ-ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಮೂರು ಬಟ್ಟಲುಗಳಿವೆ. ಮೂರರಲ್ಲೂ ಇರುವುದು ಒಂದೇ ಪದಾರ್ಥ, ಅಂಗಡಿಯಿಂದ ತಂದ ಸಿಹಿ ಕಂಡೆನ್ಸ್ಡ್ ಮಿಲ್ಕ್. ಮೊದಲನೆಯದು ಕುಕ್ಕರಿನಲ್ಲಿ 20 ನಿಮಿಷ ಇತ್ತು. ಹಾಲು ಜಾಸ್ತಿಯಾದ ಚಹಾದ ಬಣ್ಣ. ಎರಡನೆಯದು 35 ನಿಮಿಷ; ತಿಳಿ ಜೋನಿ ಬೆಲ್ಲದ ಬಣ್ಣ. ಮೂರನೆಯದು 50 ನಿಮಿಷ. ಧಾರವಾಡ ಪೇಡೆಯ ಒಳಮೈ ನೆನಪಾಗುತ್ತದೆ. ಯಾವುದಕ್ಕೂ ಬಣ್ಣ ಹಾಕಿಲ್ಲ, ಸಕ್ಕರೆ ಸೇರಿಸಿಲ್ಲ, ಸೌಟು ಕೂಡ ಆಡಿಸಿಲ್ಲ. ಕೂತಲ್ಲೇ ಕೂತು ಹೀಗಾಗಿವೆ.

ಇದನ್ನು ಕ್ಯಾರಮೆಲ್ ಎಂದು ಕರೆಯುವುದು ರೂಢಿ. ಕರೆಯಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಳಗೆ ನಡೆದದ್ದು ಬೇರೆ ಕೆಲಸ ಅನ್ನುವುದು ಗೊತ್ತಿದ್ದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಸಕ್ಕರೆಯನ್ನು ಒಣ ಬಾಣಲೆಯಲ್ಲಿ ಕರಗಿಸಿ ಕೆಂಪು ಮಾಡುತ್ತೇವಲ್ಲ, ಅದು ನಿಜವಾದ ಕ್ಯಾರಮೆಲ್. ಅದಕ್ಕೆ 160 ಡಿಗ್ರಿಗಿಂತ ಮೇಲಿನ ಶಾಖ ಬೇಕು. ನೀರಿನ ಪಾತ್ರೆಯೊಳಗೆ ಇಟ್ಟ ಡಬ್ಬಿ 100 ಡಿಗ್ರಿ ದಾಟುವುದಿಲ್ಲ. ಕುಕ್ಕರಿನಲ್ಲಿಟ್ಟರೆ ಹೆಚ್ಚೆಂದರೆ 120. ಆ ಶಾಖಕ್ಕೆ ಸಕ್ಕರೆ ಕೆಂಪಾಗುವುದಿಲ್ಲ. ಕೆಂಪಾಗುವುದು ಹಾಲು. ಹಾಲಿನೊಳಗಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಹಾಲಿನ ಪ್ರೋಟೀನಿನ ಜೊತೆ ಸೇರಿ ಕಂದು ಬಣ್ಣವನ್ನೂ ಆ ಹುರಿದ ಪರಿಮಳವನ್ನೂ ಕೊಡುತ್ತದೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯಾರ್ 1912ರಲ್ಲಿ ಇಂಥ ಕ್ರಿಯೆಯನ್ನು ವಿವರಿಸಿದ್ದರಿಂದ ಅವನ ಹೆಸರೇ ಅದಕ್ಕೆ ನಿಂತಿದೆ.

ನಮಗೇನೂ ಇದು ಹೊಸದಲ್ಲ. ಬಾಸುಂದಿ ಕಾಯಿಸುವಾಗ ಹಾಲು ಕೆನೆಬಣ್ಣದಿಂದ ನಸುಗೆಂಪಿಗೆ ತಿರುಗುವುದು ಇದೇ. ಧಾರವಾಡ ಪೇಡೆಗೆ ಖೋವಾ ಹುರಿಯುವುದು, ಬೆಳಗಾವಿ ಕುಂದಾಕ್ಕೆ ಹಾಲು ಇಂಗಿಸುವುದು ಎಲ್ಲ ಇದೇ. ಲ್ಯಾಟಿನ್ ಅಮೆರಿಕದವರು ಅದನ್ನು ಗಟ್ಟಿ ಮಾಡದೆ ಬಳಿಯುವ ಹದದಲ್ಲಿ ನಿಲ್ಲಿಸಿ ಡುಲ್ಸೆ ದೆ ಲೆಚೆ ಅಂದರು, ಅಷ್ಟೇ ವ್ಯತ್ಯಾಸ. ಆ ಮಾತಿನ ಅರ್ಥವೂ ಹಾಲಿನ ಸಿಹಿ ಎಂದೇ.

ಹಾಗಾದರೆ ಕೈಯಲ್ಲಿ ಇರುವ ಹಿಡಿತ ಯಾವುದು? ಶಾಖ, ಹೊತ್ತು, ಮತ್ತು ಒಂದು ಚಿಟಿಕೆ ಸೋಡಾ. ಶಾಖ 10 ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಎರಡು ಮೂರು ಪಟ್ಟಾಗುತ್ತದೆ. ಆದ್ದರಿಂದಲೇ ಕುದಿಯುವ ನೀರಿನಲ್ಲಿ ಮೂರು ತಾಸು ಬೇಡುವ ಬಣ್ಣ ಕುಕ್ಕರಿನಲ್ಲಿ 35 ನಿಮಿಷಕ್ಕೆ ಬರುತ್ತದೆ. ಶಿರಸಿಯಿಂದ ಬಂದವರು ಒಂದು ಲೆಕ್ಕ ಇಟ್ಟುಕೊಳ್ಳಿ. ಕಾರವಾರ ಸಮುದ್ರಮಟ್ಟದಲ್ಲಿದೆ, ಇಲ್ಲಿ ನೀರು 100ಕ್ಕೆ ಕುದಿಯುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರ. ಅಲ್ಲಿ 98ರ ಹತ್ತಿರವೇ ಕುದಿ ಬರುತ್ತದೆ. ತೆರೆದ ಪಾತ್ರೆಯಲ್ಲಿ ಮಾಡುವುದಾದರೆ ಘಟ್ಟದ ಮೇಲೆ ಮೂರು ತಾಸಿನ ಕೆಲಸಕ್ಕೆ ಇನ್ನರ್ಧ ತಾಸು ಹಿಡಿಯುತ್ತದೆ. ಕುಕ್ಕರಿನಲ್ಲಿ ಮಾಡಿದರೆ ಈ ವ್ಯತ್ಯಾಸ ಎರಡು ಮೂರು ನಿಮಿಷಕ್ಕೆ ಇಳಿಯುತ್ತದೆ, ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಈಗ ಮುಖ್ಯ ವಿಷಯ. ಮುಚ್ಚಿದ ಡಬ್ಬಿಯನ್ನೇ ನೀರಿಗೆ ಹಾಕಿ ಕುದಿಸುವ ಪದ್ಧತಿ ಎಲ್ಲೆಡೆ ಇದೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನ ಒಂದು ರೆಸ್ಟೋರೆಂಟಿನಲ್ಲಿ ಹುಟ್ಟಿದ, ಬಾಳೆಹಣ್ಣು ಮತ್ತು ಇದೇ ಕ್ಯಾರಮೆಲ್ ತುಂಬಿದ ಬನೋಫಿ ಪೈ ಎಂಬ ಸಿಹಿ ಇದನ್ನು ಇನ್ನಷ್ಟು ಮನೆಗಳಿಗೆ ಒಯ್ದಿತು. ನಮ್ಮ ಸಲಹೆ ನೇರ: ಮಾಡಬೇಡಿ. ಡಬ್ಬಿ ಮೊದಲು ತೆರೆಯಿರಿ, ಆಮೇಲೆ ಬೇಯಿಸಿ. ಹಲವು ತಯಾರಕರೂ ಇದನ್ನೇ ಹೇಳುತ್ತಾರೆ.

ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಡಬ್ಬಿ ಪೂರ್ತಿ ನೀರಿನೊಳಗೆ ಮುಳುಗಿರುವ ತನಕ ಅದರ ಮೈ 100 ಡಿಗ್ರಿ ದಾಟುವುದಿಲ್ಲ, ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದಕ್ಕೇ ‘ನಾವು ಹತ್ತು ಸಲ ಮಾಡಿದ್ದೇವೆ, ಏನಾಯ್ತು?’ ಎಂದು ಕೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಮೂರು ತಾಸು ಅಂದರೆ ಬಹಳ ಹೊತ್ತು. ಫೋನ್ ಬರುತ್ತದೆ, ಮೀನಿನವಳು ಬರುತ್ತಾಳೆ, ನೀರು ಇಂಗಿ ಡಬ್ಬಿಯ ಅರ್ಧ ಹೊರಗೆ ಕಾಣುತ್ತದೆ. ನೀರಿನ ಆಸರೆ ತಪ್ಪಿದ ಲೋಹ ಬೇಗ ಕಾಯುತ್ತದೆ, ಒಳಗೆ ಆವಿ ಹೆಚ್ಚುತ್ತದೆ, ಎಲ್ಲಿ ಹೊಲಿಗೆ ದುರ್ಬಲವೋ ಅಲ್ಲಿ ಬಿಡುತ್ತದೆ. ಉಂಗುರ ಎಳೆದು ತೆರೆಯುವ ಡಬ್ಬಿಗಳಲ್ಲಿ ಆ ದುರ್ಬಲ ಗೆರೆಯನ್ನು ಕಾರ್ಖಾನೆಯಲ್ಲೇ ಗೀರಿ ಕೊಟ್ಟಿರುತ್ತಾರೆ.

ಕುಕ್ಕರಿನಲ್ಲಿ ಮುಚ್ಚಿದ ಡಬ್ಬಿ ಇನ್ನೊಂದು ಬಗೆಯ ಅಪಾಯ. ಕುಕ್ಕರಿನೊಳಗೆ ಒತ್ತಡ ಇರುವ ತನಕ ಡಬ್ಬಿಯ ಒಳಗೂ ಹೊರಗೂ ಹೆಚ್ಚುಕಡಿಮೆ ಸಮ. ಅವಸರಕ್ಕೆ ವೇಟ್ ಎತ್ತಿ ಹಬೆ ಬಿಟ್ಟಿರಿ ಅಂದುಕೊಳ್ಳಿ: ಹೊರಗಿನ ಒತ್ತಡ ಒಂದೇ ನಿಮಿಷದಲ್ಲಿ ಇಳಿಯಿತು, ಡಬ್ಬಿಯೊಳಗಿನ ಹಾಲು ಇನ್ನೂ 120 ಡಿಗ್ರಿಯಲ್ಲೇ ಇದೆ. ಈಗ ಒಳಗಿನಿಂದ ಹೊರಕ್ಕೆ ದೂಡುವುದೇ ದೂಡುವುದು. ಬಿಸಿ ಡಬ್ಬಿಗೆ ಓಪನರ್ ತೂರಿಸಿದಾಗ ಆಗುವುದೂ ಅದೇ. ತೂತಿನಿಂದ ಕೆಂಡದಂಥ ಪಾಕ ಚಿಮ್ಮುತ್ತದೆ. ಅದು ನೀರಲ್ಲ, ಚರ್ಮಕ್ಕೆ ಅಂಟಿಕೊಂಡು ಅಲ್ಲೇ ಸುಡುತ್ತಾ ಕೂರುತ್ತದೆ. ಯಾವ ವಿಧಾನದಲ್ಲಾದರೂ ಕೈಗೆ ಸಿಡಿದರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ.

ತೆರೆದು ಬೇಯಿಸಿದರೆ ರುಚಿಯಲ್ಲಿ ಕಳೆದುಕೊಳ್ಳುವುದು ಏನು? ಏನೂ ಇಲ್ಲ. ಈ ಮೂರೂ ಬಟ್ಟಲು ಸ್ಟೀಲ್ ಡಬ್ಬಿಯಲ್ಲಿ ಆದವು.

ವಿಧಾನ ಹೀಗೆ. 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ತೆಗೆದುಕೊಳ್ಳಿ. ಲೇಬಲ್ ಓದಿ ಕೊಳ್ಳಿ. ಸಕ್ಕರೆ ಇಲ್ಲದ ಇವಾಪೊರೇಟೆಡ್ ಮಿಲ್ಕ್ ಈ ಕೆಲಸಕ್ಕೆ ಬರುವುದಿಲ್ಲ, ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಹಾಕಿದ ಅಗ್ಗದ ಡಬ್ಬಿಗಳು ಬೆಂದ ಮೇಲೆ ಮೇಣದಂತೆ ನಾಲಿಗೆಗೆ ಅಂಟುತ್ತವೆ. ಒಳ್ಳೆಯದರಲ್ಲಿ ಸಕ್ಕರೆ ಶೇ 40ರಿಂದ 45, ನೀರು ಶೇ 27ರ ಆಸುಪಾಸು, ಕೊಬ್ಬು ಶೇ 8-9, ಮಿಕ್ಕದ್ದು ಪ್ರೋಟೀನು, ಲ್ಯಾಕ್ಟೋಸ್, ಖನಿಜ. ಇದನ್ನು ಅಗಲ ಬಾಯಿಯ ಸ್ಟೀಲ್ ಡಬ್ಬಿಗೆ ಸುರಿಯಿರಿ. ಹಾಲಿನ ಮಟ್ಟ ಡಬ್ಬಿಯ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು, ಮುಕ್ಕಾಲು ದಾಟಬಾರದು. ತಗಡಿನ ಡಬ್ಬಿಯ ಗೋಡೆಗೆ ಅಂಟಿಕೊಂಡದ್ದನ್ನು ಎರಡು ಚಮಚ ಬಿಸಿ ಹಾಲು ಹಾಕಿ ಕಡೆದು ಇಟ್ಟುಕೊಳ್ಳಿ, ಆಮೇಲೆ ತೆಳು ಮಾಡಲು ಬರುತ್ತದೆ.

ಸ್ಟೀಲ್ ಡಬ್ಬಿಯ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ, ಮೇಲೊಂದು ತಟ್ಟೆ ಮುಚ್ಚಿ. ಕ್ಲಿಪ್ ಇರುವ ಬಿಗಿ ಮುಚ್ಚಳ ಬೇಡ. ಬಿಗಿ ಮುಚ್ಚಿದರೆ ಮತ್ತೆ ತಗಡಿನ ಡಬ್ಬಿಯ ಕಥೆಯೇ ಆಯಿತು. ಫಾಯಿಲ್ ಇಲ್ಲದೆ ಬರೀ ತಟ್ಟೆ ಇಟ್ಟರೆ ಕುಕ್ಕರಿನ ಮುಚ್ಚಳದಿಂದ ತೊಟ್ಟಿಕ್ಕುವ ನೀರು ಒಳಗೆ ಸೇರಿ ಮೇಲ್ಭಾಗ ನೀರುನೀರಾಗುತ್ತದೆ.

5 ಲೀಟರಿನ ಕುಕ್ಕರಿಗೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ನೀರು. ತಳಕ್ಕೆ ಸ್ಟ್ಯಾಂಡ್ ಅಥವಾ ಮಡಿಸಿದ ಬಟ್ಟೆ. ಡಬ್ಬಿ ನೇರ ತಳಕ್ಕೆ ಕೂತರೆ ಅಡಿಭಾಗ ಬೇಗ ಕಪ್ಪಾಗುತ್ತದೆ, ಜೊತೆಗೆ ಗಡಗಡ ಸದ್ದು. ಅಲ್ಯೂಮಿನಿಯಂ ಕುಕ್ಕರಾದರೆ ನೀರಿಗೆ ಒಂದೆಸಳು ಹುಣಸೆಹಣ್ಣು ಹಾಕಿ, ಒಳಮೈ ಕಪ್ಪಾಗುವುದಿಲ್ಲ. ನೀರಿಗೆ ಮಾತ್ರ, ಹಾಲಿನ ಹತ್ತಿರವೂ ಸುಳಿಯಬಾರದು.

ಮೊದಲ ಸೀಟಿ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಅಲ್ಲಿಂದ ಗಡಿಯಾರ ನೋಡಿ. ಸೀಟಿ ಎಣಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಮನೆಯ ಕುಕ್ಕರ್ ಎರಡು ನಿಮಿಷಕ್ಕೊಮ್ಮೆ ಕೂಗುತ್ತದೆ, ಇನ್ನೊಂದು ಏಳು ನಿಮಿಷಕ್ಕೆ. ಸಣ್ಣ ಬರ್ನರಿನ ಮೇಲೆ ಬರೀ ಉಸ್ಸೆಂದು ಹಬೆ ಬಿಡುತ್ತಾ ಕೂರುವುದೂ ಉಂಟು. ಐಸ್‌ಕ್ರೀಮಿಗೂ ಕಾಫಿಗೂ 30ರಿಂದ 35 ನಿಮಿಷ ಸರಿಯಾದ ಹದ. ಕೇಕಿನ ನಡುವೆ ಬಳಿಯಲು, ಬಿಸ್ಕತ್ತುಗಳ ನಡುವೆ ತುಂಬಲು 45. ಒಂದು ತಾಸು ದಾಟಿದರೆ ಕಹಿಯ ಅಂಚು ಬರುತ್ತದೆ, ನೀರೂ ಕಡಿಮೆಯಾಗಿರುತ್ತದೆ. ಅಷ್ಟು ದೂರ ಹೋಗುವುದು ಬೇಡ.

ಒಲೆ ಆರಿಸಿದ ಮೇಲೆ ಕುಕ್ಕರನ್ನು ಮುಟ್ಟಬೇಡಿ. ತಾನಾಗಿ ಒತ್ತಡ ಇಳಿಯಲಿ, 20ರಿಂದ 30 ನಿಮಿಷ. ತೆರೆದ ಡಬ್ಬಿಯಾದ್ದರಿಂದ ಸ್ಫೋಟದ ಭಯ ಇಲ್ಲ ನಿಜ, ಆದರೆ ವೇಟ್ ಎತ್ತಿದರೆ 120 ಡಿಗ್ರಿಯ ಪಾಕ ಒಮ್ಮೆಲೇ ಕುದಿದು ನೊರೆಯೆದ್ದು ಫಾಯಿಲ್ ಎತ್ತಿ ಕುಕ್ಕರಿನ ತುಂಬ ಹರಡುತ್ತದೆ. 400 ಗ್ರಾಂನಲ್ಲಿ ನಿಮಗೆ ಉಳಿಯುವುದು 250, ಜೊತೆಗೆ ಒಂದು ತಾಸು ತೊಳೆಯುವ ಕೆಲಸ.

ಮುಚ್ಚಳ ತೆರೆದಾಗ ಮೊದಲ ನೋಟಕ್ಕೆ ‘ಹಾಳಾಯ್ತು’ ಅನಿಸುತ್ತದೆ. ನೋಡಿ, ಇದು ಈಗಷ್ಟೇ ತೆಗೆದದ್ದು. ಮೇಲೆ ಗಟ್ಟಿ ಕೆನೆ, ಅಂಚಿನಲ್ಲಿ ಕಡುಗಂದು, ನಡುವೆ ತಿಳಿ, ಚಮಚ ಹಾಕಿದರೆ ಗಿಣ್ಣದ ತುಂಡಿನಂತೆ ಕಡಿದು ಬರುತ್ತಿದೆ. ಹಾಳಾಗಿಲ್ಲ. ಗೋಡೆಯ ಪಕ್ಕದ ಹಾಲು ಮೊದಲು ಬಿಸಿಯಾಗಿ ಹೆಚ್ಚು ಹೊತ್ತು ಬೆಂದಿದೆ, ಪ್ರೋಟೀನು ಜಾಲ ಕಟ್ಟಿದೆ. ಬಿಸಿ ಇರುವಾಗಲೇ ವಿಸ್ಕ್ ಅಥವಾ ಕಡಗೋಲಿನಿಂದ ಎರಡು ನಿಮಿಷ ಕಡೆಯಿರಿ. ಮೊದಲು ಕಾಳುಕಾಳು, ಆಮೇಲೆ ಒಮ್ಮೆಲೇ ಹೊಳಪು ಬಂದು ನುಣ್ಣಗಾಗುತ್ತದೆ. ಆ ಹೊಳಪು ಬರುವ ತನಕ ನಿಲ್ಲಿಸಬೇಡಿ. ತಣ್ಣಗಾದ ಮೇಲೆ ಕಡೆದರೆ ಕೈ ನೋಯುತ್ತದೆ, ಗಂಟು ಉಳಿಯುತ್ತದೆ.

ಇಲ್ಲಿಗೆ ಆದದ್ದು ಸಾಸ್ ಅಲ್ಲ, ಬಳಿಯುವ ಗಟ್ಟಿ ಮುದ್ದೆ. ಬಹಳ ಮಂದಿ ಇಲ್ಲೇ ನಿಲ್ಲಿಸಿ ಫ್ರಿಜ್‌ಗೆ ಹಾಕಿ, ಮರುದಿನ ‘ಸುರಿಯುತ್ತಲೇ ಇಲ್ಲ’ ಎನ್ನುತ್ತಾರೆ. ಹೇಗೆ ಸುರಿದೀತು, ಅದರಲ್ಲಿ ನೀರಿರುವುದು ಕಾಲುಭಾಗ. 400 ಗ್ರಾಂ ಮುದ್ದೆಗೆ 100ರಿಂದ 120 ಮಿಲಿ ಬಿಸಿ ಹಾಲು, ಅಥವಾ 100 ಮಿಲಿ ಕ್ರೀಮಿನ ಜೊತೆ 20 ಗ್ರಾಂ ಬೆಣ್ಣೆ. ಮೂರು ಕಂತಿನಲ್ಲಿ ಹಾಕಿ, ಪ್ರತಿ ಕಂತೂ ಪೂರ್ತಿ ಬೆರೆತ ಮೇಲೆ ಮುಂದಿನದು. ತಣ್ಣನೆಯ ಹಾಲು ಒಮ್ಮೆಲೇ ಸುರಿದರೆ ಮುದ್ದೆ ಉಂಡೆಯುಂಡೆಯಾಗಿ ತೇಲುತ್ತದೆ. ಹದ ನೋಡಲು ಸ್ಟೀಲ್ ತಟ್ಟೆಯೊಂದನ್ನು ಐದು ನಿಮಿಷ ಫ್ರೀಜರಿನಲ್ಲಿಟ್ಟು ಅದರ ಮೇಲೆ ಒಂದು ಹನಿ ಬಿಡಿ, ಓರೆ ಮಾಡಿ. ನಿಧಾನವಾಗಿ, ಬಾಲ ಬಿಟ್ಟುಕೊಂಡು ಹರಿಯಬೇಕು. ಜೋನಿ ಬೆಲ್ಲ ದೋಸೆಯ ಮೇಲೆ ಹರಿಯುವ ಹಾಗೆ. ನೀರಿನಂತೆ ಓಡಿದರೆ ಹಾಲು ಹೆಚ್ಚಾಯಿತು, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಇಂಗಿಸಿ. ಬಿಸಿಯಲ್ಲಿ ಸರಿ ಕಂಡದ್ದು ತಣ್ಣಗಾದಾಗ ಗಟ್ಟಿಯಾಗುತ್ತದೆ, ಆದ್ದರಿಂದ ತಣ್ಣನೆಯ ತಟ್ಟೆಯ ಮಾತನ್ನೇ ನಂಬಬೇಕು.

ಉಪ್ಪು. ಇದಿಲ್ಲದೆ ಈ ಸಾಸ್ ಬರೀ ಸಿಹಿ. ಮಾಮೂಲಿ ರುಚಿಗೆ ಕಾಲು ಟೀ ಚಮಚ, ಉಪ್ಪಿನ ಕ್ಯಾರಮೆಲ್ ಬೇಕೆಂದರೆ ಅರ್ಧ ಟೀ ಚಮಚ, ಅಂದರೆ 3 ಗ್ರಾಂ. ನಮ್ಮ ಜಿಲ್ಲೆಯವರು ಇದಕ್ಕೆ ದೂರದ ದೇಶದ ಪೊಟ್ಟಣದ ಉಪ್ಪು ಹುಡುಕಬೇಕಾಗಿಲ್ಲ. ಗೋಕರ್ಣದ ಪಕ್ಕ, ಅಘನಾಶಿನಿ ಅಳಿವೆಯ ಸಾಣಿಕಟ್ಟಾದಲ್ಲಿ ಬಿಸಿಲಿಗೆ ಒಣಗಿದ ಹರಳುಪ್ಪು ಇದಕ್ಕೆ ಸೊಗಸಾಗಿ ಒಗ್ಗುತ್ತದೆ. ಆದರೆ ಹರಳನ್ನು ಹಾಗೇ ಹಾಕಬೇಡಿ. ಈ ಸಾಸಿನಲ್ಲಿ ಕರಗಿಸಿಕೊಳ್ಳಲು ಬಿಡುವಾದ ನೀರು ಕಡಿಮೆ, ಇರುವ ನೀರನ್ನೆಲ್ಲ ಸಕ್ಕರೆ ಹಿಡಿದುಕೊಂಡಿದೆ. ಹರಳು ಕರಗದೆ ಉಳಿದು ಒಂದು ಚಮಚಕ್ಕೆ ಉಪ್ಪಿಲ್ಲ, ಇನ್ನೊಂದಕ್ಕೆ ಉಪ್ಪೋ ಉಪ್ಪು. ತೆಳು ಮಾಡುವ ಬಿಸಿ ಹಾಲಿನಲ್ಲೇ ಕರಗಿಸಿ, ಬಟ್ಟೆಯಲ್ಲಿ ಸೋಸಿ ಹಾಕಿ; ಬಿಸಿಲು ಗದ್ದೆಯ ಉಪ್ಪಿನಲ್ಲಿ ಒಂದಿಷ್ಟು ಮಣ್ಣಿನ ಕಣ ಇದ್ದೇ ಇರುತ್ತದೆ. ಹಲ್ಲಿಗೆ ಸಿಗುವ ಹರಳು ಇಷ್ಟವಾದರೆ ಬಡಿಸುವಾಗ ಮೇಲಿನಿಂದ ಉದುರಿಸಿ.

ಪರಿಮಳಕ್ಕೆ ವೆನಿಲ್ಲಾ ಎಸೆನ್ಸ್ ಅರ್ಧ ಟೀ ಚಮಚ, ಒಲೆಯಿಂದ ಇಳಿಸಿದ ಮೇಲೆ. ಮೊದಲೇ ಹಾಕಿದರೆ ಪರಿಮಳ ಹಬೆಯ ಜೊತೆ ಹೋಗುತ್ತದೆ. ಶಿರಸಿ-ಸಿದ್ದಾಪುರದ ಕಡೆಯ ಅಡಿಕೆ ತೋಟಗಳಲ್ಲಿ 2000ರ ದಶಕದ ಮೊದಲಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿಸಿದ್ದು, ಬೆಲೆ ಆಕಾಶಕ್ಕೆ ಏರಿ ಧೊಪ್ಪನೆ ಬಿದ್ದದ್ದು ಎಲ್ಲರಿಗೂ ಗೊತ್ತು. ಬಳ್ಳಿ ಉಳಿಸಿಕೊಂಡವರ ಮನೆಯಲ್ಲಿ ಹದಗೊಳಿಸಿದ ಕೋಡು ಇದ್ದರೆ ಅರ್ಧ ಕೋಡನ್ನು ಸೀಳಿ, ತೆಳು ಮಾಡುವ ಬಿಸಿ ಹಾಲಿನಲ್ಲಿ ಹದಿನೈದು ನಿಮಿಷ ನೆನೆಹಾಕಿ. ಎಸೆನ್ಸ್ ಅದರ ಮುಂದೆ ನಿಲ್ಲುವುದಿಲ್ಲ. ಏಲಕ್ಕಿ ಹಾಕುವವರಿದ್ದಾರೆ, ಹಾಕಿದರೆ ಅದು ಬಾಸುಂದಿಯ ದಾರಿ ಹಿಡಿಯುತ್ತದೆ, ಹುರಿದ ಹಾಲಿನ ಪರಿಮಳ ಅಡಿಗೆ ಬೀಳುತ್ತದೆ. ಕಾಳುಮೆಣಸು ಮಾತ್ರ ಆಶ್ಚರ್ಯ ಹುಟ್ಟಿಸುವಷ್ಟು ಚೆನ್ನಾಗಿ ಕೂರುತ್ತದೆ, ಎರಡು ಕಾಳು ಕುಟ್ಟಿದ್ದು ಸಾಕು.

ಕರಾವಳಿಯವರಿಗೆ ಕ್ರೀಮಿಗಿಂತ ತೆಂಗಿನ ಮೊದಲ ಹಾಲು ಹತ್ತಿರ. 400 ಗ್ರಾಂಗೆ 100 ಮಿಲಿ ಗಟ್ಟಿ ಕಾಯಿಹಾಲು, ಒಲೆ ಆರಿಸಿದ ಮೇಲೆಯೇ ಬೆರೆಸಬೇಕು, ಕುದಿಸಿದರೆ ಎಣ್ಣೆ ಬಿಡುತ್ತದೆ. ಹುರಿದು ತರಿಯಾಗಿ ಒಡೆದ ಗೇರುಬೀಜ ಅದರ ಮೇಲೆ. ಇದು ಮೂರು ದಿನಕ್ಕಿಂತ ಹೆಚ್ಚು ಇಡುವ ಪದಾರ್ಥವಲ್ಲ.

ಇನ್ನೊಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ಸಕ್ಕರೆ ಸುಟ್ಟು ಮಾಡಿದ ಕ್ಯಾರಮೆಲ್‌ಗೆ ಒಂದು ಕಹಿ ಇದೆ, ಪುಡ್ಡಿಂಗ್ ಬೋರಲು ಹಾಕಿದಾಗ ಮೇಲೆ ಹರಿಯುವ ಆ ಕಡುಗೆಂಪು ನೀರಿನ ಕಹಿ. ಕಂಡೆನ್ಸ್ಡ್ ಮಿಲ್ಕ್ ಎಷ್ಟು ಬೇಯಿಸಿದರೂ ಅದು ಸಿಗುವುದಿಲ್ಲ, ಮೇಲೆ ಹೇಳಿದ ಕಾರಣಕ್ಕೆ. ಬೇಕೆಂದರೆ ಹೊರಗಿನಿಂದ ತರಬೇಕು. ದಪ್ಪ ತಳದ ಬಾಣಲೆಯಲ್ಲಿ 40 ಗ್ರಾಂ ಸಕ್ಕರೆಯನ್ನು ನೀರು ಹಾಕದೆ ಕರಗಿಸಿ, ಜೇನಿನ ಬಣ್ಣ ದಾಟಿ ತಾಮ್ರದ ಬಣ್ಣಕ್ಕೆ ಬಂದು ಮೊದಲ ಎಳೆ ಹೊಗೆ ಕಂಡ ಕೂಡಲೇ ಉರಿ ಆರಿಸಿ 60 ಮಿಲಿ ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಭೋರ್ಗರೆದು ಹಬೆ ಏಳುತ್ತದೆ, ಮುಖ ದೂರ ಇರಲಿ, ಉದ್ದ ಹಿಡಿಕೆಯ ಸೌಟು ಇರಲಿ. ಗಂಟಾದದ್ದು ಸಣ್ಣ ಉರಿಯಲ್ಲಿ ಕರಗುತ್ತದೆ. ಇದನ್ನು ಬೆಂದ ಮುದ್ದೆಗೆ ಸೇರಿಸಿ, ತೆಳು ಮಾಡುವ ಹಾಲನ್ನು ಅಷ್ಟು ಕಡಿಮೆ ಮಾಡಿ. ರುಚಿ ಗೊತ್ತಿರುವವರು ತಕ್ಷಣ ಗುರುತಿಸುತ್ತಾರೆ.

ಕುಕ್ಕರ್ ಬೇಡ ಅನ್ನುವವರಿಗೆ ಬೇರೆ ದಾರಿಗಳೂ ಇವೆ. ದಪ್ಪ ತಳದ ಬಾಣಲೆಗೆ ನೇರ ಸುರಿದು ಸಣ್ಣ ಉರಿಯಲ್ಲಿ 20-25 ನಿಮಿಷ ಕೈಬಿಡದೆ ತಿರುವುವುದು ಬೇಗದ ದಾರಿ. ಮೂಲೆಗೆ ಹೋಗುವ ಚಪ್ಪಟೆ ಮರದ ಸೌಟು ಬೇಕು, ಒಂದು ನಿಮಿಷ ಬಿಟ್ಟರೂ ತಳ ಹಿಡಿದು ಕಪ್ಪು ಚೂರುಗಳು ಏಳುತ್ತವೆ. ಒಮ್ಮೆ ತಳ ಹಿಡಿದರೆ ಕೆರೆಯಬೇಡಿ, ಮೇಲಿನದನ್ನು ಬೇರೆ ಪಾತ್ರೆಗೆ ಸುರಿದುಕೊಳ್ಳಿ. ಓವನ್ ಇದ್ದವರು ಅಗಲ ಗಾಜಿನ ತಟ್ಟೆಗೆ ಸುರಿದು, ಫಾಯಿಲ್ ಮುಚ್ಚಿ, ಬಿಸಿನೀರು ತುಂಬಿದ ದೊಡ್ಡ ಟ್ರೇಯಲ್ಲಿ ಕೂರಿಸಿ 220 ಡಿಗ್ರಿಯಲ್ಲಿ ಒಂದರಿಂದ ಒಂದೂಕಾಲು ತಾಸು ಇಡಬಹುದು, ನಡುವೆ ನೀರು ನೋಡಿಕೊಳ್ಳಬೇಕು. ಮೈಕ್ರೋವೇವ್ ನಮಗೆ ಇಷ್ಟವಿಲ್ಲ. ಅರ್ಧ ಪವರಿನಲ್ಲಿ ಒಂದೊಂದು ನಿಮಿಷ ಇಟ್ಟು ಪ್ರತಿ ಸಲ ಕಲಕಿ ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಸಬಹುದು, ಆದರೆ ಒಂದು ಕಡೆ ಕುದಿದು ಇನ್ನೊಂದು ಕಡೆ ತಣ್ಣಗಿದ್ದು ಪ್ರೋಟೀನು ಗಂಟು ಕಟ್ಟುತ್ತದೆ, ಉಕ್ಕಿ ತಟ್ಟೆ ತುಂಬುತ್ತದೆ. ಮಾಡಲೇಬೇಕೆಂದರೆ ನಾಲ್ಕು ಪಟ್ಟು ದೊಡ್ಡ ಗಾಜಿನ ಪಾತ್ರೆ ತೆಗೆದುಕೊಳ್ಳಿ, ಕೊನೆಗೆ ಮಿಕ್ಸಿಗೆ ಹಾಕಿ.

ಸೋಡಾದ ಮಾತು ಉಳಿಯಿತು. ಅಡಿಗೆ ಸೋಡಾ ಹಾಲಿನ ಹುಳಿಯನ್ನು ತಗ್ಗಿಸುತ್ತದೆ, ಕಂದಾಗುವ ಕ್ರಿಯೆಯನ್ನು ಬೇಗ ಮಾಡುತ್ತದೆ. ಡಬ್ಬಿಯ ಕಂಡೆನ್ಸ್ಡ್ ಮಿಲ್ಕ್‌ಗೆ ಅದರ ಅಗತ್ಯವಿಲ್ಲ. ಹಾಕಿದರೂ ಎರಡು ಬೆರಳ ನಡುವಿನ ಚಿಟಿಕೆ ದಾಟಬಾರದು. ಹೆಚ್ಚಾದರೆ ಸಾಬೂನಿನ ರುಚಿ. ಅಗತ್ಯ ಇರುವುದು ಹಸಿ ಹಾಲಿನಿಂದ ಮಾಡುವಾಗ. 6 ಶೇಕಡಾ ಕೊಬ್ಬಿನ ಹಾಲು 1 ಲೀಟರ್, ಸಕ್ಕರೆ 250 ಗ್ರಾಂ, ಸೋಡಾ ಕಾಲು ಟೀ ಚಮಚ. ಹಾಲು ಇಂಗುತ್ತಾ ಹೋದಂತೆ ಅದರ ಹುಳಿಯೂ ಸಾಂದ್ರವಾಗಿ ಕೊನೆಯ ಹಂತದಲ್ಲಿ ಒಡೆಯುತ್ತದೆ, ಸೋಡಾ ಅದನ್ನು ತಡೆಯುತ್ತದೆ. ಸೋಡಾ ಬಿದ್ದ ಕೂಡಲೇ ನೊರೆ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ. ಒಂದೂವರೆಯಿಂದ ಎರಡು ತಾಸು, ಕೊನೆಯ ಅರ್ಧ ತಾಸು ಕೈಬಿಡುವ ಹಾಗಿಲ್ಲ. ಅರ್ಧ ಕೆಜಿಗಿಂತ ತುಸು ಹೆಚ್ಚು ಸಿಗುತ್ತದೆ. ರುಚಿ ಡಬ್ಬಿಯದಕ್ಕಿಂತ ಮೇಲು, ಇದರಲ್ಲಿ ಎರಡು ಮಾತಿಲ್ಲ. ಎರಡು ತಾಸು ಯಾರಿಗಿದೆ ಅನ್ನುವುದಷ್ಟೇ ಪ್ರಶ್ನೆ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇವೆ.

‘ಫ್ರಿಜ್‌ನಲ್ಲಿ ನಾಲ್ಕು ದಿನ ಇಟ್ಟರೆ ರವೆಯಂತೆ ಆಗುತ್ತದೆ, ಸಕ್ಕರೆ ಹೆಚ್ಚಾಯಿತೇ?’

ಅದು ಅಂಗಡಿ ಸಕ್ಕರೆಯಲ್ಲ, ಹಾಲಿನ ಲ್ಯಾಕ್ಟೋಸ್. ಲ್ಯಾಕ್ಟೋಸ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 19 ಗ್ರಾಂ. ಕಂಡೆನ್ಸ್ಡ್ ಮಿಲ್ಕ್‌ನ ಚೂರು ನೀರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಲ್ಯಾಕ್ಟೋಸ್ ಇದೆ, ಹರಳಾಗಲು ಕಾಯುತ್ತಲೇ ಇರುತ್ತದೆ. ಕಾರ್ಖಾನೆಯಲ್ಲಿ ನುಣ್ಣನೆಯ ಲ್ಯಾಕ್ಟೋಸ್ ಪುಡಿ ಬಿತ್ತಿ, ಹರಳುಗಳು ನಾಲಿಗೆಗೆ ಗೊತ್ತಾಗದಷ್ಟು ಸಣ್ಣದಾಗಿರುವಂತೆ ನೋಡಿಕೊಳ್ಳುತ್ತಾರೆ. ನೀವು ಬಿಸಿ ಮಾಡಿದಾಗ ಅವೆಲ್ಲ ಕರಗಿ, ಫ್ರಿಜ್‌ನಲ್ಲಿ ನಿಧಾನವಾಗಿ ದೊಡ್ಡ ಹರಳಾಗಿ ಮತ್ತೆ ಹುಟ್ಟುತ್ತವೆ. ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು, ಒಂದು ದೊಡ್ಡ ಚಮಚ ಹಾಲು ಸೇರಿಸಿ, ಕೈಗೆ ಚುರುಕ್ ಅನ್ನುವಷ್ಟು ಬಿಸಿಯಾಗುವ ತನಕ ಕಲಕಿದರೆ ಕರಗುತ್ತವೆ. ಆ ದಿನ ಬೇಕಾದಷ್ಟೇ ತೆಗೆದು ಬಿಸಿ ಮಾಡಿ. ಫ್ರಿಜ್‌ನಿಂದ ತೆಗೆದ ಗಾಜಿನ ಬಾಟಲಿಯನ್ನು ನೇರ ಕುದಿನೀರಿಗೆ ಇಳಿಸಬೇಡಿ, ಬಿರಿಯುತ್ತದೆ.

‘ಸಕ್ಕರೆಗೆ ಬದಲು ಬೆಲ್ಲ ಸೇರಿಸಿ ಇನ್ನಷ್ಟು ಕೆಂಪು ಮಾಡಬಹುದೇ?’

ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವುದು ಪಾಯಸ ಮಾಡುವವರಿಗೆಲ್ಲ ಗೊತ್ತು, ಇಲ್ಲಿಯೂ ಹಾಗೇ. ಬೆಲ್ಲದ ರುಚಿ ಬೇಕೆಂದರೆ ಸಾಸ್ ಪೂರ್ತಿ ಆರಿದ ಮೇಲೆ ಎರಡು ಚಮಚ ಜೋನಿ ಬೆಲ್ಲ ಬೆರೆಸಿ. ಅದೇ ಕಾರಣಕ್ಕೆ ಲಿಂಬೆ, ಮುರುಗಲು ಇತ್ಯಾದಿ ಹುಳಿಗಳನ್ನು ಬಿಸಿ ಸಾಸಿನಿಂದ ದೂರ ಇಡಿ.

‘ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಹೊರಗೆ ಉಳಿಯುತ್ತದೆಯೇ?’

ಏನೂ ಸೇರಿಸದ ಗಟ್ಟಿ ಮುದ್ದೆಯಲ್ಲಿ ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದಿರುವುದರಿಂದ ಒಂದೆರಡು ದಿನ ಕರೆಂಟ್ ಹೋದರೆ ಗಾಬರಿ ಬೇಡ. ಫ್ರಿಜ್‌ನಲ್ಲಿ ಅದು ಎರಡು ಮೂರು ವಾರ ಇರುತ್ತದೆ. ಹಾಲು, ಕ್ರೀಮು ಸೇರಿಸಿದ ಸಾಸ್ ಹಾಗಲ್ಲ. ಅದು ಫ್ರಿಜ್‌ನಲ್ಲೇ ಒಂದು ವಾರ, ಕರೆಂಟ್ ಹೋದರೆ ಆ ದಿನವೇ ಮುಗಿಸಿ. ಆದ್ದರಿಂದ ಮುದ್ದೆ ಮಾಡಿಟ್ಟು, ಬೇಕಾದಾಗ 100 ಗ್ರಾಂಗೆ ಎರಡು ದೊಡ್ಡ ಚಮಚ ಬಿಸಿ ಹಾಲಿನ ಲೆಕ್ಕದಲ್ಲಿ ತೆಳು ಮಾಡಿಕೊಳ್ಳುವುದೇ ನಮ್ಮ ಹವೆಗೆ ಸರಿ. ಕುದಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿ, ಒಣ ಚಮಚ. ಜೂನ್-ಜುಲೈಯಲ್ಲಿ ಒರೆಸಿದ ಚಮಚದಲ್ಲೂ ಪಸೆ ಇರುತ್ತದೆ, ಬೂಸ್ಟು ಮೊದಲು ಹುಟ್ಟುವುದು ಆ ಚಮಚ ತಾಗಿದ ಜಾಗದಲ್ಲೇ. ಹುಳಿ ವಾಸನೆ, ಗುಳ್ಳೆ, ಮೇಲೆ ಬಿಳಿ ಚುಕ್ಕೆ ಕಂಡರೆ ಮೇಲಿನದನ್ನು ತೆಗೆದು ಉಳಿದದ್ದು ತಿನ್ನುವ ಲೆಕ್ಕ ಬೇಡ.

‘ಸಕ್ಕರೆ ಕಾಯಿಲೆಯವರು?’

ಎರಡು ದೊಡ್ಡ ಚಮಚ ಮುದ್ದೆಯಲ್ಲಿ ಎಲ್ಲ ಸೇರಿ ಹೆಚ್ಚುಕಡಿಮೆ 20 ಗ್ರಾಂ ಸಕ್ಕರೆ. ಕಂದಾಗಿದೆ ಎಂದು ಸಕ್ಕರೆ ಕಡಿಮೆಯಾಗಿರುವುದಿಲ್ಲ.

‘ಅಂಕೋಲೆಯ ಕರಿ ಈಶಾಡು ಮಾವಿನ ಹಣ್ಣಿನ ಮೇಲೆ ಸುರಿದರೆ?’

ಬೇಡ. 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಹಣ್ಣು ಅದು, ಅದರ ಸಿಹಿಗೂ ಪರಿಮಳಕ್ಕೂ ಈ ಸಾಸ್ ಅಡ್ಡ ಬರುತ್ತದೆ. ಸ್ವಲ್ಪ ಹುಳಿ ಉಳಿಸಿಕೊಂಡ ಏಲಕ್ಕಿ ಬಾಳೆಯನ್ನು ಉದ್ದಕ್ಕೆ ಸೀಳಿ ತುಪ್ಪದಲ್ಲಿ ಎರಡೂ ಮಗ್ಗುಲು ಕೆಂಪಗೆ ಮಾಡಿ, ಅದರ ಮೇಲೆ 35 ನಿಮಿಷದ ಬಟ್ಟಲಿನಿಂದ ಒಂದು ಚಮಚ ಬಿಡಿ. ಬಾಣಲೆಯಲ್ಲಿ ಉಳಿದ ತುಪ್ಪವನ್ನೂ ಮೇಲೆ ಸುರಿದುಬಿಡಿ.